ಕಾವಿಗೆ ಕಟ್ಟಿದ ನೀರು

ನಾಲ್ಕನೇ ನಂಬರಿನ ಸೀಸೆ ಕಪ್ಪಾಗಿ ಇವತ್ತಿಗೆ ನಾಲ್ಕು ದಿನ. ನಿಶತ್ ಅದನ್ನು ಗಂಡ ಫೈಸಲನ ಹಳೆಯ ಕಾಲುಚೀಲದೊಳಗೆ ತುರುಕಿ, ಬೀರುವಿನಲ್ಲಿ ತನ್ನ ಬಟ್ಟೆಗಳ ಹಿಂದೆ ಇಟ್ಟಿದ್ದಳು. ಕದ್ದ ಮಾಲೇನೂ ಅಲ್ಲ. ಹೆಬ್ಬೆರಳಿಗಿಂತ ಒಂದಿಷ್ಟು ಉದ್ದದ ಗಾಜಿನ ಸೀಸೆ, ಒಳಗೆ ಹಾರನಹಳ್ಳಿ ಹೋಬಳಿಯ ಒಂದು ಮನೆಯ ಬಾವಿ ನೀರು. ಆದರೂ ಅತ್ತೆ ಆಮಿನಾಬಿ ಬೀರುವಿನ ಬಾಗಿಲು ತೆಗೆದ ಸದ್ದಾದರೆ ಸಾಕು, ಅಡುಗೆಮನೆಯಲ್ಲಿದ್ದ ಇವಳು ಕೈಯಲ್ಲಿದ್ದ ಕೆಲಸ ಬಿಟ್ಟು ಕಿವಿಗೊಡುತ್ತಿದ್ದಳು. ಕಪ್ಪಾದ ದಿನವೇ ಸೀಸೆಯನ್ನು ಬಾವಿಯ ಮನೆಯವರ ಕಣ್ಣೆದುರು ಹಿಡಿದು ತೋರಿಸಬೇಕು, ಫೋನಿನಲ್ಲಿ ಹೇಳಿ ಕೈತೊಳೆದುಕೊಳ್ಳಬಾರದು ಎಂಬುದು ಅವಳು ಕೆಲಸಕ್ಕಿದ್ದ, ಹಳ್ಳಿಗಳ ನೀರು ಪರೀಕ್ಷೆ ಮಾಡುವ ಸಂಸ್ಥೆಯ ಕಟ್ಟುನಿಟ್ಟು. ಮೊದಲ ದಿನ ತಲೆನೋವು ಎಂದುಕೊಂಡಳು. ಎರಡನೆಯ ದಿನ ಮನೆಗೆ ನೆಂಟರು ಬಂದರು. ಮೂರನೆಯ ದಿನಕ್ಕೆ ಯಾವ ನೆವವೂ ಸಿಗದೆ ಸುಮ್ಮನೆ ಹೋಗಲಿಲ್ಲ. ಹುಣಸೂರಿನ ಆಫೀಸಿನಿಂದ ಗುರುಸ್ವಾಮಿ ಸಾರ್ ಫೋನು ಮಾಡಿ, "ಪಿರಿಯಾಪಟ್ಟಣದ ರಿಪೋರ್ಟು ಇನ್ನೂ ಬರಲಿಲ್ವಲ್ಲ ಮೇಡಂ" ಎಂದಾಗ, "ಬಣ್ಣ ಬಂದಿಲ್ಲ ಸಾರ್, ಚಳಿ ಜಾಸ್ತಿ" ಎಂದುಬಿಟ್ಟಳು. ಆ ಬಾವಿಯ ನೀರನ್ನು ಎಂಟು ತಿಂಗಳ ಬಸುರಿಯೊಬ್ಬಳು ಕುಡಿಯುತ್ತಿದ್ದಾಳೆ ಎಂಬುದು ಮೂರು ದಿನವೂ ಅವಳಿಗೆ ಗೊತ್ತಿತ್ತು. ಊಟ ಮಾಡುವಾಗ ಗೊತ್ತಿತ್ತು, ಬಟ್ಟೆ ಒಗೆಯುವಾಗ ಗೊತ್ತಿತ್ತು.

ಕೆಲಸವೇನೋ ಸುಲಭದ್ದೇ. ಸೀಸೆಯೊಳಗೆ ಔಷಧಿಯಲ್ಲಿ ಅದ್ದಿ ಒಣಗಿಸಿದ ಕಾಗದದ ಪಟ್ಟಿ ಇರುತ್ತದೆ. ಗೆರೆಯ ತನಕ ನೀರು ತುಂಬಿ, ಮುಚ್ಚಳ ತಿರುಗಿಸಿ, ಒಂದು ದಿನ, ಒಂದೂವರೆ ದಿನ ಬೆಚ್ಚಗಿಡಬೇಕು. ನೀರಿಗೆ ಹೇಲು ಸೇರಿದ್ದರೆ (ಗುರುಸ್ವಾಮಿ ಸಾರ್ ಈ ಮಾತನ್ನು ಇಂಗ್ಲಿಷಿನಲ್ಲಿ ಹೇಳಿ ಗೋಡೆ ನೋಡುತ್ತಾರೆ) ಅದರ ಕ್ರಿಮಿಗಳು ಬೆಳೆದು ನೀರು ಕಾಡಿಗೆಯಂತೆ ಕಪ್ಪಾಗುತ್ತದೆ. ಇಲ್ಲದಿದ್ದರೆ ತೆಳು ಚಹಾದ ಬಣ್ಣದಲ್ಲೇ ಉಳಿಯುತ್ತದೆ. ಎಷ್ಟು ಕ್ರಿಮಿ, ಯಾವ ಕ್ರಿಮಿ ಎಂದು ಸೀಸೆ ಹೇಳುವುದಿಲ್ಲ. ಮೈಸೂರಿನ ಲ್ಯಾಬಾದರೆ ಎಲ್ಲವನ್ನೂ ಬರೆದು ಕೊಡುತ್ತದೆ, ಆದರೆ ಅಲ್ಲಿ ಒಂದು ನೀರಿಗೆ ಕೊಡುವ ದುಡ್ಡಿನಲ್ಲಿ ಇಲ್ಲಿ ಒಂದು ಊರಿನ ನೀರನ್ನೆಲ್ಲ ನೋಡಬಹುದು. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ, ನಾಲ್ಕು ತಾಲ್ಲೂಕಿಗೂ ಸೇರಿ ಸಂಸ್ಥೆಯಲ್ಲಿ ಮೂರೇ ಹೆಂಗಸರು. ಬೆಚ್ಚಗಿಡುವ ಪೆಟ್ಟಿಗೆಯೊಂದಿತ್ತು, ಅದು ಕೆಟ್ಟು ಎರಡು ವರ್ಷವಾಗಿದೆ. ಬೇಸಿಗೆಯಲ್ಲಿ ಅದರ ಹಂಗಿಲ್ಲ, ಚಳಿಗಾಲದಲ್ಲಿ ಕಷ್ಟ. ಹೋದ ವರ್ಷ ಜೊತೆಯವಳೊಬ್ಬಳು ಸೀಸೆಗಳನ್ನು ಹೊಗೆಸೊಪ್ಪು ಬೇಯಿಸುವ ಬ್ಯಾರನ್ನಿನ ಗೋಡೆಗೆ ಒರಗಿಸಿಟ್ಟು, ಕ್ರಿಮಿಗಳೆಲ್ಲ ಬೆಂದು ಸತ್ತು, ಇಡೀ ಊರಿನ ನೀರು ಅಮೃತವೆಂದು ಬರೆದುಕೊಂಡು ಬಂದಿದ್ದಳು. ಅದಾದ ಮೇಲೆ ಗುರುಸ್ವಾಮಿ ಸಾರ್ ಮೇಜಿನ ಮೇಲಿನ ಪೆನ್ನನ್ನು ಆ ಕಡೆ ಈ ಕಡೆ ಹೊರಳಿಸುತ್ತ ಹೇಳಿದ್ದರು: "ಮೈ ಕಾವಿಗಿಂತ ಒಳ್ಳೇ ಕಾವಿಲ್ಲ ಮೇಡಂ. ಎಲ್ಲಾ ಕಡೆ ಮಾಡ್ತಾರೆ. ಸೊಂಟಕ್ಕೆ ಕಟ್ಕೊಂಡ್ರೆ ಒಂದೂವರೆ ದಿನದಲ್ಲಿ ಹೇಳಿಬಿಡುತ್ತೆ." ಹೇಳಿದ ಅವರ ಕಿವಿಯೂ ಕೆಂಪಾಗಿತ್ತು, ಕೇಳಿದ ಇವಳದೂ.

ಬೆಲ್ಟನ್ನು ಹೊಲಿದುಕೊಟ್ಟವನು ಫೈಸಲ್. ಬೈಕಿನ ಸೀಟಿಗೆ ಕವರು ಹೊಲಿಯುವ ಅವನ ಅಂಗಡಿಯಲ್ಲಿ ಸ್ಪಂಜಿಗೇನು ಬರ. ಸೀಸೆ ಒಡೆಯಬಾರದು, ಮೈಗೆ ಒತ್ತಬಾರದು ಎಂದು ಎರಡು ಪದರ ಸ್ಪಂಜು ಹಾಕಿ, ನಡುವೆ ಹತ್ತು ಕಿಸೆ ಮಾಡಿ, ಮುಂಭಾಗವನ್ನು ದುಂಡಗೆ ಉಬ್ಬಿಸಿ ಅಂದವಾಗಿಯೇ ಹೊಲಿದಿದ್ದ. ಅಳತೆಗೆ ಟೇಪು ಹಿಡಿದು ಅವಳ ಸೊಂಟದ ಸುತ್ತ ಕೈ ತಂದಾಗ ಆ ಕೈ ಯಾಕೋ ಅಲ್ಲೇ ಒಂದು ಗಳಿಗೆ ನಿಂತಿತು. ಮದುವೆಯಾಗಿ ಎಂಟು ವರ್ಷ. ಮೈಸೂರಿನ ಡಾಕ್ಟರು, ದರ್ಗಾದ ತಾಯಿತ, ಕೋಟೆ ಕಡೆಯ ಯಾರೋ ಕೊಟ್ಟ ಬೇರಿನ ಪುಡಿ ಎಲ್ಲ ಮುಗಿದು, ಆಮಿನಾಬಿಯೇ ಸುಸ್ತಾಗಿ ಕೇಳುವುದನ್ನು ಬಿಟ್ಟು ಎರಡು ವರ್ಷವಾಗಿತ್ತು. ಕೇಳುತ್ತಿದ್ದಾಗ ಇದ್ದ ಹಿಂಸೆಗಿಂತ ಕೇಳದೆ ಇರುವುದರ ಹಿಂಸೆ ಹೆಚ್ಚೆಂದು ನಿಶತ್‌ಗೆ ಆಮೇಲೆ ತಿಳಿಯಿತು. ಬೆಲ್ಟು ಕಟ್ಟಿಕೊಂಡು ಕನ್ನಡಿಯ ಮುಂದೆ ನಿಂತ ಮೊದಲ ದಿನ ಅವಳು ನೇರ ನಿಲ್ಲಲಿಲ್ಲ, ಒಂದು ಮಗ್ಗುಲಾಗಿ ನಿಂತು ನೋಡಿಕೊಂಡಳು. ನೋಡಿಕೊಂಡದ್ದಕ್ಕೆ ನಾಚಿಕೆಯಾಯಿತು, ಮತ್ತೆ ನೋಡಿಕೊಂಡಳು.

ಇವತ್ತು ಸೊಂಟದಲ್ಲಿಡಲು ಯಾವ ನೀರೂ ಇರಲಿಲ್ಲ. ಆದರೂ ಬೆಳಿಗ್ಗೆ ಹೊರಡುವಾಗ ಬೆಲ್ಟು ಕಟ್ಟಿದಳು. ಕಟ್ಟದೆ ಆ ಮನೆಗೆ ಹೋಗುವಂತಿರಲಿಲ್ಲ, ಮೂರು ದಿನ ಹೋಗದೆ ಉಳಿದದ್ದಕ್ಕೆ ಇದ್ದ ಕಾರಣವೂ ಅದೇ. ಅದರ ಮೇಲೆ ಬುರ್ಖಾ ಇಳಿಬಿಟ್ಟು, ಚೀಲದಲ್ಲಿ ಕಪ್ಪು ಸೀಸೆಯನ್ನೂ ಇನ್ನೊಂದು ಹೊಸ ಸೀಸೆಯನ್ನೂ ಇಟ್ಟುಕೊಂಡು ಪಿರಿಯಾಪಟ್ಟಣದ ಬಸ್ಸು ಹತ್ತಿದಳು. ಕಂಡಕ್ಟರು ಹೋದ ತಿಂಗಳಿನವನೇ. "ಏಯ್, ಎದ್ದೇಳ್ಲಾ, ಬಸ್ರಿ ಹೆಂಗ್ಸು ನಿಂತವ್ರೆ ಕಾಣಾಕಿಲ್ವಾ" ಎಂದು ಕಾಲೇಜು ಹುಡುಗನೊಬ್ಬನನ್ನು ಎಬ್ಬಿಸಿದ. ನಿಶತ್ ಕೂತಳು. ಮೊದಲ ಸಲ ಹೀಗೆ ಸೀಟು ಸಿಕ್ಕಾಗ ಬೇಡವೆನ್ನಲು ಬಾಯಿ ತೆರೆದಿದ್ದಳು, ಆದರೆ ಸೀಸೆ, ಕಾವು, ಹೇಲು ಎಂದೆಲ್ಲ ಅಷ್ಟು ಜನರ ನಡುವೆ ವಿವರಿಸುವುದಾದರೂ ಹೇಗೆ ಎಂದು ಕೂತುಬಿಟ್ಟಿದ್ದಳು. ಅವತ್ತು ಪಕ್ಕದ ಮುದುಕಿ ತನ್ನ ಮಡಿಲಿನಿಂದ ಎರಡು ಕಿತ್ತಳೆ ತೆಗೆದು ಕೊಟ್ಟಳು. ನಿಶತ್ ಅದನ್ನು ಮನೆಗೆ ಒಯ್ಯಲಿಲ್ಲ, ಬಸ್ ಸ್ಟ್ಯಾಂಡಿನಲ್ಲಿ ನಿಂತು ಸಿಪ್ಪೆ ಸುಲಿದು ಎರಡನ್ನೂ ತಿಂದಳು. ಅಷ್ಟು ರುಚಿಯಾದ ಕಿತ್ತಳೆಯನ್ನು ಅವಳು ತಿಂದಿರಲಿಲ್ಲ, ಅದಕ್ಕೇ ಆಮೇಲೆ ಅಷ್ಟು ಅಸಹ್ಯವೂ ಆಯಿತು.

ಹಾರನಹಳ್ಳಿಯಲ್ಲಿ ಇಳಿದು ಆ ಊರಿಗೆ ಅರ್ಧ ಗಂಟೆ ನಡೆಯಬೇಕು. ಹೊಲಗಳಲ್ಲಿ ಹೊಗೆಸೊಪ್ಪು ಮುರಿದಾಗಿತ್ತು, ಬೋಳು ಕಡ್ಡಿಗಳು ನಿಂತಿದ್ದವು. ಮಳೆಗಾಲದಲ್ಲಿ ಮೊದಲ ಸಲ ಬಂದಾಗ ಆ ಬಾವಿಯ ಮನೆಯ ಸಣ್ಣಬೀರಯ್ಯನ ಹೆಂಡತಿ ಯಶೋದಮ್ಮ ಇವಳನ್ನು ಜಗಲಿಯ ಕೆಳಗೇ ನಿಲ್ಲಿಸಿ ಮಾತಾಡಿಸಿದ್ದಳು. ಬಾಯಾರಿಕೆ ಎಂದಾಗ ನೀರು ಕೊಡದೆ ಇರಲಿಲ್ಲ, ಮದುವೆ ಮನೆಯಲ್ಲಿ ಉಳಿದ ಪ್ಲಾಸ್ಟಿಕ್ ಲೋಟವೊಂದನ್ನು ಹುಡುಕಿ ತಂದು ಕೊಟ್ಟಳು, ಕುಡಿದಾದ ಮೇಲೆ "ಅಲ್ಲೇ ಬೇಲಿ ತಾವ ಬಿಸಾಕ್ಬುಡವ್ವ" ಎಂದಳು. ಅದರಲ್ಲಿ ಕೆಡುಕೇನೂ ಇರಲಿಲ್ಲ. ನಿಶತ್‌ಗೆ ಅದು ಅಭ್ಯಾಸವಾಗಿತ್ತು, ಅಭ್ಯಾಸವಾಗಿದೆ ಎಂದು ತನಗೆ ತಾನೇ ಹೇಳಿಕೊಳ್ಳುವುದೂ ಅಭ್ಯಾಸವಾಗಿತ್ತು. ಈ ಸಲ, ಆರು ದಿನಗಳ ಹಿಂದೆ, ಬೇರೆ ಮನೆಗಳ ಸೀಸೆಗಳನ್ನು ಸೊಂಟಕ್ಕೆ ಕಟ್ಟಿಕೊಂಡೇ ಆ ಮನೆಯ ಬಾವಿಕಟ್ಟೆಗೆ ಬಂದಳು. ಬಿಸಿಲೆಂದು ಬುರ್ಖಾ ತೆಗೆದು ಚೀಲದ ಮೇಲಿಟ್ಟು, ಸೀಸೆಯ ಮುಚ್ಚಳ ತಿರುಗಿಸುತ್ತಿದ್ದಳು. ಯಶೋದಮ್ಮ ನೀರು ಸೇದುವುದನ್ನು ನಿಲ್ಲಿಸಿ ಇವಳ ನಡುವನ್ನೇ ನೋಡಿದಳು.

"ಎಷ್ಟು ತಿಂಗ್ಳವ್ವ?"

"ಐದು."

ಆ ಐದು ಎಲ್ಲಿಂದ ಬಂತೋ ಅವಳಿಗೆ ಈಗಲೂ ತಿಳಿಯದು. ಕಂಡಕ್ಟರಿಗೆ, ಮುದುಕಿಗೆ ಸುಳ್ಳು ಹೇಳಿರಲಿಲ್ಲ, ಬರೀ ಸುಮ್ಮನಿದ್ದಳು. ಇಲ್ಲಿ ಬಾಯಿಬಿಟ್ಟು ಹೇಳಿದ್ದಳು, ಮನೆ ನಂಬರು ಹೇಳುವ ಹಾಗೆ ತಡವರಿಸದೆ. ಯಶೋದಮ್ಮನ ಮುಖ ಅರಳಿತು. "ಅಯ್ಯೋ ನಮ್ಮವ್ವ, ಒಟ್ಟೆ ಒತ್ಕಂಡು ಈ ಬಿಸ್ಲಲ್ಲಿ ಊರೂರು ಸುತ್ತೀಯಲ್ಲ, ನಿನ್ ಗಂಡ ಏನೂ ಅನ್ನಾಕಿಲ್ವಾ? ಬಾ ಮ್ಯಾಕೆ, ಕುಂತ್ಕೊ. ನಮ್ ಪ್ರಮೀಳಂಗೆ ಎಂಟು. ಮೊನ್ನೆ ಕರ್ಕಂಡ್ ಬಂದೊ." ಜಗಲಿ ದಾಟಿ ನಡುಮನೆಗೆ ಕರೆದಳು. ಹಿತಕಿದ ಅವರೆಬೇಳೆ ಸಾರು, ಮುದ್ದೆ ಬಡಿಸಿದಳು. ಬಸುರಿಯನ್ನು ಹಸಿದ ಹೊಟ್ಟೆಯಲ್ಲಿ ಬಾಗಿಲಿನಿಂದ ಕಳಿಸಿದರೆ ತನ್ನ ಮಗಳಿಗೆ ಒಳ್ಳೆಯದಲ್ಲವಂತೆ. "ನಿಮ್ಮೋರು ಕುಂಕುಮ ಇಕ್ಕಳಾಕಿಲ್ಲ ಅಲ್ವಾ, ಊವಾದ್ರೂ ಮುಡ್ಕೊ" ಎಂದು ಸೇವಂತಿಗೆ ಕೊಟ್ಟಳು. ನೀರನ್ನು ಮನೆಯವರು ಕುಡಿಯುವ ಸ್ಟೀಲಿನ ಲೋಟದಲ್ಲೇ ಕೊಟ್ಟಳು. ಆ ಲೋಟದ ಮೇಲೆ ಯಾರದೋ ಮದುವೆಯ ತಾರೀಖು ಕೊರೆದಿತ್ತು. ಎದುರಿಗೆ ಗೋಡೆಗೊರಗಿ ಕಾಲು ಚಾಚಿ ಕೂತ ಪ್ರಮೀಳಾ, "ಅಕ್ಕ, ನಿಮ್ಗೂ ಎದೆ ಉರೀತದಾ?" ಎಂದು ಕೇಳಿದಳು. ನಿಶತ್ ಹೂಂ ಎಂದಳು. ಅವತ್ತಿನಷ್ಟು ಸುಖವಾಗಿ ಅವಳು ಯಾರ ಮನೆಯಲ್ಲೂ ಕೂತಿರಲಿಲ್ಲ, ಸ್ವಂತ ಮನೆಯಲ್ಲಿಯೂ.

ಹೊರಡುವಾಗ ಬಾವಿಯಿಂದ ಹತ್ತು ಹೆಜ್ಜೆಯಾಚೆ ಹೊಸ ಕಕ್ಕಸು ಕಂಡಿತು. ಮಗಳು ಬಾಣಂತನಕ್ಕೆ ಬರುತ್ತಾಳೆ, ಕತ್ತಲಲ್ಲಿ ಬಯಲಿಗೆ ಹೋಗುವಂತಾಗಬಾರದು ಎಂದು ಸಣ್ಣಬೀರಯ್ಯ ದೀಪಾವಳಿಗೆ ಮುಂಚೆ ಕಟ್ಟಿಸಿದ್ದಂತೆ. ಗುಂಡಿ ಎಷ್ಟು ಆಳ ಎಂದು ಕೇಳಬೇಕಿತ್ತು, ಅದು ಅವಳ ಫಾರಮ್ಮಿನಲ್ಲೇ ಇರುವ ಪ್ರಶ್ನೆ. ಉಂಡ ಬಾಯಲ್ಲಿ ಕೇಳಲಾಗಲಿಲ್ಲ. ಎರಡು ದಿನದ ನಂತರ ಸ್ನಾನದ ಮನೆಯಲ್ಲಿ ಬೆಲ್ಟು ಬಿಚ್ಚಿ ಬೆಳಕಿಗೆ ಹಿಡಿದಾಗ ಒಂಬತ್ತು ಸೀಸೆಗಳು ತೆಳು ಚಹಾದ ಬಣ್ಣದಲ್ಲೇ ಇದ್ದವು, ನಾಲ್ಕನೆಯದು ಕಪ್ಪಗಿತ್ತು. ಮೊದಲು ಹೊಳೆದದ್ದು ಪ್ರಮೀಳಾ ಅಲ್ಲ. ತನ್ನ ಮೈಗೆ ಅಂಟಿಕೊಂಡು ಬೆಳೆದದ್ದು ಇದು, ಎಂಟು ವರ್ಷಕ್ಕೆ ಇಷ್ಟೇ ಬೆಳೆದದ್ದು ಎಂದು ಹೊಳೆಯಿತು. ಆಮೇಲೆ ಅನುಮಾನ ಶುರುವಾಯಿತು. ಐದು ಎಂದು ಹೇಳಿದಾಗ ಬೆರಳು ಸೀಸೆಯ ಬಾಯಿಗೆ ತಾಗಿತ್ತೇನೋ. ಮುಚ್ಚಳವನ್ನು ಕಟ್ಟೆಯ ಮೇಲೆ ಬೋರಲು ಇಟ್ಟಿದ್ದೆನೇನೋ. ಕೊಳೆ ಬಾವಿಯದೋ ನನ್ನದೋ. ಅನುಮಾನ ಬಂದರೆ ಇನ್ನೊಮ್ಮೆ ನೀರು ಹಿಡಿಯಬೇಕು ಎನ್ನುವುದೂ ನಿಯಮವೇ, ಹಿಡಿಯಲು ಆ ಮನೆಗೇ ಹೋಗಬೇಕು. ಇವತ್ತು ಐದು, ಇನ್ನು ನಾಲ್ಕು ತಿಂಗಳಿಗೆ ಮಗು ಎಲ್ಲಿ ಎಂದು ಆ ಹೆಂಗಸು ಕೇಳುತ್ತಾಳೆ. ಹೋಗದೆ ಇದ್ದುಬಿಟ್ಟರೆ ಅವಳ ಮನಸ್ಸಿನಲ್ಲಾದರೂ ನನ್ನ ಮಗು ಹುಟ್ಟಿ ಬೆಳೆಯುತ್ತದೆ ಎಂದು ಒಂದು ಗಳಿಗೆ ನಿಶತ್‌ಗೆ ಅನ್ನಿಸಿತು. ಇಂಥದ್ದನ್ನು ಯೋಚಿಸುತ್ತ ಮೂರು ದಿನ ಕಳೆದಿದ್ದಳು.

ಯಶೋದಮ್ಮ ಜಗಲಿಯಲ್ಲಿ ಕೂತು ಅವರೆಕಾಯಿ ಬಿಡಿಸುತ್ತಿದ್ದಳು. "ಬಾ ಮಗಾ, ಬಾ. ನೆನಸ್ಕತಿದ್ದೆ" ಎಂದು ಮೊರ ಸರಿಸಿದಳು. ಒಳಗೆ ಪ್ರಮೀಳಾ ಮಲಗಿದ್ದಳು. ಮೂರು ದಿನದಿಂದ ಹೊಟ್ಟೆ ಸರಿಯಿಲ್ಲ, ಎದ್ದು ಎದ್ದು ಹೋಗುತ್ತಾಳೆ. "ಎಲ್ಲಾ ಈ ಅವರೆಕಾಳಿನ ಕಾಟ ಕಣವ್ವ. ಬ್ಯಾಡ ಅಂದ್ರೂ ತಿಂತಳೆ." ಮೂರು ದಿನ ಎಂಬ ಮಾತು ನಿಶತ್‌ಳ ಕಿವಿಯಲ್ಲಿ ನಿಂತುಬಿಟ್ಟಿತು. ಚೀಲದಿಂದ ಸೀಸೆ ತೆಗೆದು ಜಗಲಿಯ ಮೇಲಿಟ್ಟಳು. ಹೇಳಬೇಕಾದ್ದನ್ನೆಲ್ಲ, ನೂರು ಮನೆಯಲ್ಲಿ ಹೇಳಿದ್ದನ್ನೇ, ಒಂದೇ ಉಸಿರಿಗೆ ಹೇಳಿದಳು. ಕಕ್ಕಸಿನ ಗುಂಡಿ ಬಾವಿಗೆ ಹತ್ತಿರವಾಗಿದೆ, ಒಳಗೊಳಗೇ ಇಳಿಯುತ್ತಿರಬೇಕು. ಈ ನೀರನ್ನು ಹಸಿಯಾಗಿ ಕುಡಿಯಲೇಬೇಡಿ. ಶಾಲೆಯ ಹತ್ತಿರದ ನಲ್ಲಿ ನೀರನ್ನೂ ನೋಡಿದ್ದೇನೆ, ಅದು ಚೆನ್ನಾಗಿದೆ, ಅದನ್ನೇ ತಂದು ಕುಡಿಯಿರಿ. ಹೊಟ್ಟೆ ಹೀಗೇ ಆದರೆ ಆಸ್ಪತ್ರೆಗೆ ತೋರಿಸಿ.

ಯಶೋದಮ್ಮ ಸೀಸೆಯನ್ನು ಎತ್ತಿ ಅಲ್ಲಾಡಿಸಿದಳು. "ನಮ್ ಬಾವಿ ನೀರಾ ಇದು? ನಮ್ಮತ್ತೆ ಕಾಲ್ದಿಂದ್ಲೂ ಕುಡ್ದಿರದು ಇದ್ನೇ. ಎಲ್ಲಿ ಇಕ್ಕಿದ್ರೆ ಇಂಗಾಯ್ತು?"

"ಆಫೀಸಲ್ಲಿ ಒಂದು ಪೆಟ್ಟಿಗೆ ಅದೆ. ಅದ್ರಲ್ಲಿ ಇಡ್ತೀವಿ."

ಬೇರೆ ಮನೆಗಳಲ್ಲಿ ಈ ಹೊತ್ತಿಗೆ ಜಗಳ ಶುರುವಾಗುತ್ತದೆ, ಸೀಸೆಯೇ ಸರಿಯಿಲ್ಲ, ಗೌರ್ಮೆಂಟಿನವರು ಬಾವಿ ಮುಚ್ಚಿಸಲು ಆಡುವ ಆಟ ಎನ್ನುತ್ತಾರೆ. ಯಶೋದಮ್ಮ ಎದ್ದುಹೋಗಿ ರಾಟೆಯಿಂದ ಹಗ್ಗ ಬಿಚ್ಚಿ, ಸುರುಳಿ ಸುತ್ತಿ, ಮಾಡಿನ ಗಳಕ್ಕೆ ಕಟ್ಟಿಟ್ಟು ಬಂದಳು. "ಬೇರೆ ಯಾರಾನಾ ಯೋಳಿದ್ರೆ ಉಗ್ದು ಕಳಿಸ್ತಿದ್ದೆ. ಬಸ್ರಿ ಹೆಂಗ್ಸು ನೀನು. ಇನ್ನೊಬ್ಬ ಬಸ್ರಿ ಕುಡ್ಯೋ ನೀರಿನ ಇಸ್ಯ. ಅದ್ರಲ್ಲಿ ಸುಳ್ಳೇಳಕ್ಕೆ ನಿಂಗೇನವ್ವ ಬಂದದೆ. ನಲ್ಲಿ ನೀರು ಔಸ್ದಿ ವಾಸ್ನೆ ಒಡೀತದೆ, ಒಡೀಲಿ ಬುಡು." ಒಳಗೆ ಕೂಗಿ ಹೇಳಿದಳು, "ಪ್ರಮೀ, ಕೊಡದ ನೀರ ಮುಟ್ಬ್ಯಾಡ, ನಾನು ನಲ್ಲೀದ್ ತತ್ತೀನಿ."

ಕೆಲಸ ಮುಗಿದಿತ್ತು. ಇಷ್ಟು ಸಲೀಸಾಗಿ ಯಾವ ಮನೆಯಲ್ಲೂ ಮುಗಿದಿರಲಿಲ್ಲ. ಈಗ ಎದ್ದು ಹೋಗುತ್ತೇನೆ ಎಂದರೆ ಆಯಿತು, ಮತ್ತೆ ಈ ಊರನ್ನು ಜೊತೆಯವಳಿಗೆ ಬಿಟ್ಟುಕೊಡಬಹುದು. ನಿಶತ್ ಚೀಲವನ್ನು ಹೆಗಲಿಗೂ ಹಾಕಿಕೊಂಡಿದ್ದಳು. ಅಷ್ಟರಲ್ಲಿ ಯಶೋದಮ್ಮ ಒಳಗಿನಿಂದ ಒಂದು ಗಂಟು ತಂದಳು. ತನ್ನ ಹಳೆಯ ನೂಲಿನ ಸೀರೆಗಳನ್ನು ಹರಿದು, ಕುದಿಸಿ ಒಗೆದು, ಸಾಂಬ್ರಾಣಿ ಹೊಗೆ ಹಿಡಿಸಿ ಮಡಿಸಿದ ತುಂಡುಗಳು. ಹುಟ್ಟಿದ ಮಗುವಿಗೆ ಹೊಸ ಬಟ್ಟೆ ಚುಚ್ಚುತ್ತದೆ, ಹತ್ತು ಸಲ ಉಟ್ಟು ಮೆತ್ತಗಾದದ್ದೇ ಆಗಬೇಕು. ಪ್ರಮೀಳನ ಮಗುವಿಗೆಂದು ಮಾಡಿದ್ದರಲ್ಲಿ ಅರ್ಧ ಎಣಿಸಿ ಇವಳ ಮಡಿಲಿಗಿಟ್ಟಳು. "ನಮ್ ಮನೇವು ಅಂತ ಬ್ಯಾಡ ಅನ್ಬ್ಯಾಡ. ಮಕ್ಳಿಗೆ ಯಾವ ಜಾತಿ." ಬಟ್ಟೆ ಬೆಚ್ಚಗಿತ್ತು, ಒಲೆಯ ಹತ್ತಿರ ಇಟ್ಟಿದ್ದಿರಬೇಕು. ಊಟ, ಹೂವು, ಸೀಟು, ಕಿತ್ತಳೆ, ಇವನ್ನೆಲ್ಲ ನಿಶತ್ ಹೇಗೋ ತೆಗೆದುಕೊಂಡಿದ್ದಳು. ಇದನ್ನು ಮನೆಗೆ ಒಯ್ದು ಯಾವ ಬೀರುವಿನಲ್ಲಿ ಯಾವುದರ ಹಿಂದೆ ಇಡುವುದು.

"ಯಶೋದಮ್ಮೋರೇ, ನನ್ನ ಹೊಟ್ಟೇಲಿ ಏನೂ ಇಲ್ಲ."

ಯಶೋದಮ್ಮನ ಕೈ ಇವಳ ತಲೆಯ ಮೇಲೆ ಬಂತು. "ಯಾವಾಗವ್ವಾ? ಇಳ್ದೋಯ್ತಾ?"

ಹೂಂ ಎಂದಿದ್ದರೆ ಮುಗಿಯುತ್ತಿತ್ತು. ಆ ದಾರಿ ಎಷ್ಟು ಅಗಲವಾಗಿ ತೆರೆದಿದೆ ಎಂದು ನಿಶತ್‌ಗೆ ಕಂಡಿತು. ಆ ಕೈಯ ಕೆಳಗೆ ಕೂತು ಅತ್ತುಬಿಡಬಹುದಿತ್ತು, ಅಳು ನಿಜವಾದದ್ದೇ ಆಗಿರುತ್ತಿತ್ತು. ಆದರೆ ಇನ್ನೊಂದು ಸುಳ್ಳನ್ನು ಹೊರುವ ಶಕ್ತಿ ಅವಳಲ್ಲಿ ಉಳಿದಿರಲಿಲ್ಲ.

"ಇಲ್ಲ. ಇರ್ಲೇ ಇಲ್ಲ." ಬುರ್ಖಾದ ಗುಂಡಿ ತೆಗೆದು, ಬೆನ್ನ ಹಿಂದೆ ಕೈ ಹಾಕಿ ಬಕಲ್ ಬಿಚ್ಚಿ, ಬೆಲ್ಟನ್ನು ಬಟ್ಟೆಗಳ ಪಕ್ಕದಲ್ಲಿಟ್ಟಳು. "ಸೀಸೆ ಒಡೀಬಾರ್ದು ಅಂತ ಸ್ಪಂಜ್ ಹಾಕಿದ್ದು. ಅವತ್ತು ನೀವು ಕೇಳಿದ್ರಿ, ನಾನು ಸುಳ್ಳು ಹೇಳ್ದೆ. ತಪ್ಪಾಯ್ತು."

ಎಷ್ಟೋ ದಿನಗಳ ಮೇಲೆ ಮೈ ಹಗುರವಾಯಿತು. ನಿಜ ಹೇಳಿದ್ದೇನೆ, ಇನ್ನು ಉಗಿದರೂ ಸರಿ ಹೊಡೆದರೂ ಸರಿ ಎಂದು ಅವಳು ತಲೆಯೆತ್ತಿ ನೋಡಿದಳು. ಯಶೋದಮ್ಮ ಇವಳನ್ನು ನೋಡುತ್ತಿರಲಿಲ್ಲ. ಬೆಲ್ಟನ್ನು ಎತ್ತಿಕೊಂಡು ಅದರ ಕಿಸೆಗಳಲ್ಲಿ ಒಂದೊಂದಾಗಿ ಬೆರಳು ತೂರಿಸುತ್ತಿದ್ದಳು. ಆಮೇಲೆ ಪಕ್ಕದಲ್ಲಿದ್ದ ಕಪ್ಪು ಸೀಸೆಯನ್ನು ತೆಗೆದು ಒಂದು ಕಿಸೆಯಲ್ಲಿ ಇಳಿಬಿಟ್ಟಳು. ಅದು ಸರಿಯಾಗಿ ಕೂತಿತು.

"ಇದ ಎಲ್ಲಿಕ್ಕಿದ್ದೆ?"

ನಿಶತ್ ಬುರ್ಖಾದ ಗುಂಡಿ ಹಾಕಿಕೊಳ್ಳತೊಡಗಿದಳು.

"ಪೆಟ್ಗೇಲಿ ಅಂದೆ ಈಗ."

"ಪೆಟ್ಟಿಗೆ ಕೆಟ್ಟೋಗಿದೆ. ಮೈ ಕಾವಿಗೆ ಅಂತ ಸೊಂಟಕ್ಕೆ ಕಟ್ಕೋತೀವಿ. ಆದ್ರೆ ನೀರು ನಿಮ್ದೇ ಯಶೋದಮ್ಮೋರೇ, ಅದ್ರಲ್ಲಿ ಸುಳ್ಳಿಲ್ಲ. ಬೇಕಾದ್ರೆ ಹೊಸ ಸೀಸೆ ತಂದಿದೀನಿ, ನೀವೇ ನೀರು ತುಂಬಿ, ನೀವೇ ಇಟ್ಕೊಳ್ಳಿ—"

"ದಿನಗಟ್ಲೆ ನಿನ್ ಮೈಗೆ ಅಂಟಿಸ್ಕಂಡಿದ್ರೆ ಯಾವ ನೀರು ತಾನೆ ನೆಟ್ಗಿರ್ತದೆ." ಯಶೋದಮ್ಮನ ದನಿ ಏರಲಿಲ್ಲ. "ಬಸ್ರಿ ಅಂದೆ, ನಂಬ್ದೆ. ಬಾವಿ ಕೆಟ್ಟದೆ ಅಂದೆ, ಅದ್ನೂ ನಂಬ್ಬುಟ್ಟೆ. ನಿನ್ ಕೊಳೆ ತಂದು ನಮ್ ಬಾವಿ ಮ್ಯಾಲೆ ಆಕ್ತೀಯಲ್ಲ, ಏನ್ ಮಾಡಿದ್ದೊ ನಿಂಗೆ ನಾವು?"

ನಿಶತ್‌ಗೆ ಆಗ ತಿಳಿಯಿತು. ಹಗ್ಗವನ್ನು ಮಾಡಿಗೆ ಕಟ್ಟಿಸಿದ್ದು ಸೀಸೆಯಲ್ಲ, ಸ್ಪಂಜಿನ ಬಸಿರು. ತಾನು ನಿಜ ಹೇಳಿದ್ದು ಯಶೋದಮ್ಮನಿಗಾಗಿಯೂ ಅಲ್ಲ, ಒಳಗೆ ಮಲಗಿದ್ದವಳಿಗಾಗಿಯಂತೂ ಅಲ್ಲ. ತನ್ನ ಬಾಯನ್ನು ತೊಳೆದುಕೊಳ್ಳಲಿಕ್ಕೆ. ಪ್ರಮೀಳನ ಹೆರಿಗೆ, ಬಾಣಂತನ ಸಾಗುವ ತನಕ, ಇನ್ನು ಎರಡು ತಿಂಗಳು ಆ ಸುಳ್ಳನ್ನು ಹೊತ್ತುಕೊಂಡಿದ್ದಿದ್ದರೆ ಸಾಕಿತ್ತು.

ಯಶೋದಮ್ಮ ಬಟ್ಟೆಯ ತುಂಡುಗಳನ್ನು ಒಟ್ಟು ಮಾಡಿ ಗಂಟಿಗೆ ಸೇರಿಸಿದಳು. ಮಾಡಿನ ಗಳದಿಂದ ಹಗ್ಗ ಬಿಚ್ಚಿ, ರಾಟೆಗೆ ಹಾಕಿ, ಬಿಂದಿಗೆ ಇಳಿಬಿಟ್ಟಳು. ನೀರಿಗೆ ತಾಗಿದ ಸದ್ದು ಕೇಳಿತು. ಪ್ರಮೀಳಾ ಹೊಸಿಲಿನಲ್ಲಿ ಬಂದು ನಿಂತಿದ್ದಳು, ಮುಖ ಬಾಡಿತ್ತು, ಒಂದು ಕೈ ಸೊಂಟದ ಮೇಲಿತ್ತು. ಎಷ್ಟು ಹೊತ್ತಿನಿಂದ ನಿಂತಿದ್ದಳೋ.

"ಕಾಯಿಸಿಯಾದ್ರೂ ಕುಡಿ ಪ್ರಮೀಳಾ" ಎಂದಳು ನಿಶತ್. "ನನ್ನ ಬಿಡು. ನೀರನ್ನ ಕಾಯಿಸು."

ಯಶೋದಮ್ಮ ಮೊದಲ ಬಿಂದಿಗೆಯಿಂದಲೇ ಚೊಂಬು ತುಂಬಿ, ತಾನು ಅರ್ಧ ಗಟಗಟನೆ ಕುಡಿದು, ಉಳಿದದ್ದನ್ನು ಮಗಳ ಕೈಗೆ ಕೊಟ್ಟು ಅಲ್ಲೇ ನಿಂತಳು. ಪ್ರಮೀಳಾ ಜಗಲಿಯ ಮೇಲಿದ್ದ ಬೆಲ್ಟನ್ನು ನೋಡಿದಳು, ನಿಶತ್‌ಳನ್ನು ನೋಡಿದಳು, ಆಮೇಲೆ ಅವ್ವನ ಮುಖ ನೋಡಿ ಚೊಂಬನ್ನು ಎತ್ತಿ ಕೊನೆಯ ತನಕ ಕುಡಿದಳು.